ಪತ್ರಿಕೆಯೋ, ಕಂಪನಿಯೋ, ಸ್ವಂತ ಚಾನೆಲ್ಲೋ: ಹಣಕಾಸು ಬರೆಯುವ ಫ್ರೀಲಾನ್ಸರ್ ಎಲ್ಲಿ ಕೂರಬೇಕು?

ಕೆಲಸ ಬಿಟ್ಟು ಫ್ರೀಲಾನ್ಸ್ ಆಗಿ ಹಣಕಾಸಿನ ಬಗ್ಗೆ ಬರೆಯುತ್ತೇನೆ ಅಂತ ಹೊರಟವರು ಮೊದಲು ಕೇಳುವುದು ಒಂದೇ: ಪದಕ್ಕೆ ಎಷ್ಟು ಕೇಳಲಿ? ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಯಾರ ಕಡೆ ಕೂತು ಬರೆಯುತ್ತೀರಿ ಅನ್ನೋದು ಮೊದಲನೇ ಪ್ರಶ್ನೆ. ಅಡುಗೆ, ಪ್ರವಾಸ ಬರೆಯುವವರಿಗೆ ಈ ತಲೆನೋವು ಅಷ್ಟಿಲ್ಲ. ನಮ್ಮಲ್ಲಿ ಹಾಗಲ್ಲ. ಒಂದು ಕಂಪನಿಯ ಫಲಿತಾಂಶ ಹೇಗಿದೆ ಅಂತ ಸೋಮವಾರ ಪತ್ರಿಕೆಗೆ ಬರೆದು, ಗುರುವಾರ ಅದೇ ಕಂಪನಿಯ ವಾರ್ಷಿಕ ವರದಿಗೆ ಅಧ್ಯಕ್ಷರ ಪತ್ರ ಬರೆದುಕೊಟ್ಟರೆ ಎರಡು ಕಡೆಯೂ ಮರ್ಯಾದೆ ಹೋಗುತ್ತದೆ. ಯಾರಿಗೂ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಈ ವಲಯ ಚಿಕ್ಕದು. ಎಡಿಟರ್‌ಗಳು, ಪಿಆರ್ ಏಜೆನ್ಸಿಯವರು ಒಬ್ಬರಿಗೊಬ್ಬರು ಗೊತ್ತು.

ಹಾಗಾಗಿ ಮೊದಲು ಈ ಕಡೆ, ಆ ಕಡೆ ಹೇಗಿರುತ್ತದೆ ಅಂತ ನೋಡೋಣ. ದರ, ಭಾಷೆ, ತೆರಿಗೆ ಆಮೇಲೆ.

ಪತ್ರಿಕೆ ಕಡೆ ಕೂತರೆ

ಇಲ್ಲಿ ಸಿಗುವುದು ಹೆಸರು. ಸಂಭಾವನೆ ಕಡಿಮೆ, ಬರುವುದೂ ನಿಧಾನ. ಬರೀ ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟಕ್ಕೆ ಬರೆದು ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಗ್ಲಿಷ್ ಪತ್ರಿಕೆಗಳು ಸ್ವಲ್ಪ ಜಾಸ್ತಿ ಕೊಡುತ್ತವೆ. ಆದರೂ ಸಂಬಳ ಅನ್ನುವಷ್ಟಲ್ಲ.

ಕೆಲಸದ ಲಯ ಮಾತ್ರ ಮೊದಲೇ ಗೊತ್ತಿರುತ್ತದೆ. ಫೆಬ್ರುವರಿ 1ಕ್ಕೆ ಕೇಂದ್ರ ಬಜೆಟ್. ಆರ್‌ಬಿಐ ಹಣಕಾಸು ನೀತಿ ಸಮಿತಿ ವರ್ಷಕ್ಕೆ ಸಾಮಾನ್ಯವಾಗಿ ಆರು ಸಲ ಸೇರುತ್ತದೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ, ವರ್ಷದ ಕೊನೆಯ ಲೆಕ್ಕವನ್ನಾದರೆ 60 ದಿನದೊಳಗೆ ಕೊಡಬೇಕು. ಈ ದಿನಗಳ ಸುತ್ತ ಕೆಲಸ ಮುಗಿಬೀಳುತ್ತದೆ, ಮಧ್ಯೆ ಫೋನೇ ಬರಲ್ಲ.

ಆರ್‌ಬಿಐ ದಿನ ಹೇಗಿರುತ್ತದೆ ಹೇಳುತ್ತೇನೆ. ಬೆಳಿಗ್ಗೆ 10ಕ್ಕೆ ಗವರ್ನರ್ ಹೇಳಿಕೆ. ಮಧ್ಯಾಹ್ನ 12ಕ್ಕೆ ಪತ್ರಿಕಾಗೋಷ್ಠಿ. ಅಷ್ಟರಲ್ಲಿ ಎಡಿಟರ್ ಕಡೆಯಿಂದ ಮೆಸೇಜು: ‘ಸಂಜೆ ಐದಕ್ಕೆ 500 ಪದ, ಓದುಗರಿಗೆ ಏನು ಲಾಭ ಅಂತ ಇರಲಿ.’ 2025ರ ಫೆಬ್ರುವರಿ 7ರಂದು ರೆಪೊ ದರ, ಅಂದರೆ ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ ದರ, ಶೇ 6.50ರಿಂದ 6.25ಕ್ಕೆ ಇಳಿಯಿತು. ಇದನ್ನು ‘ಶೇ 0.25ರಷ್ಟು ಇಳಿಕೆ’ ಅಂತ ಬರೆದವರು ಬೇಕಾದಷ್ಟು ಜನ. ಅದು ತಪ್ಪು. ಇಳಿದದ್ದು 0.25 ಶೇಕಡಾ ಅಂಶ. ಶೇಕಡಾ ಲೆಕ್ಕದಲ್ಲಿ ಹೇಳುವುದಾದರೆ ದರವೇ ಸುಮಾರು ಶೇ 3.85ರಷ್ಟು ಕಡಿಮೆಯಾಗಿದೆ. ಓದುಗರಿಗೆ ಇದಕ್ಕಿಂತ ಮುಖ್ಯವಾದದ್ದು ಇಎಂಐ. 20 ಲಕ್ಷದ ಸಾಲ, 20 ವರ್ಷದ ಅವಧಿ, ಬಡ್ಡಿ ಶೇ 8.75ರಿಂದ 8.50ಕ್ಕೆ ಇಳಿದರೆ ಕಂತು 17,674 ರೂಪಾಯಿಯಿಂದ 17,356ಕ್ಕೆ ಬರುತ್ತದೆ. ತಿಂಗಳಿಗೆ 318 ರೂಪಾಯಿ ಉಳಿತಾಯ. ಟಿವಿಯಲ್ಲಿ ‘ಭರ್ಜರಿ ಗಿಫ್ಟ್’ ಅಂತ ಕೂಗುತ್ತಿರುವಾಗ ಈ 318ನ್ನು ಕೂತು ಲೆಕ್ಕ ಹಾಕಿ ಬರೆಯುವವರನ್ನೇ ಎಡಿಟರ್ ಮುಂದಿನ ಸಲವೂ ಕರೆಯುವುದು.

ಹೆಸರು ಬರುವುದು ಇಂಥ ಕಡೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿತು. ಠೇವಣಿದಾರರು 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿರಲಿಲ್ಲ. ಆಗ ಜನರಿಗೆ ಬೇಕಿದ್ದದ್ದು ವಿಮೆಯ ಲೆಕ್ಕ. ಠೇವಣಿ ವಿಮೆ ಅಲ್ಲಿಯವರೆಗೆ 1 ಲಕ್ಷ ಇತ್ತು, 2020ರ ಫೆಬ್ರುವರಿ 4ರಿಂದ 5 ಲಕ್ಷ ಆಯಿತು. ಈ ವಿಮೆ ಸಹಕಾರ ಬ್ಯಾಂಕಿಗೆ ಉಂಟು, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ನಮ್ಮ ಊರುಗಳಲ್ಲಿ ಎರಡರ ಬೋರ್ಡೂ ನೋಡಲು ಒಂದೇ ಥರ ಇರುತ್ತದೆ, ಅಲ್ವಾ? ಇದನ್ನು ಕನ್ನಡದಲ್ಲಿ ಬಿಡಿಸಿ ಬರೆಯುವ ಜನ ಈಗಲೂ ಕಡಿಮೆ. ಇಂಗ್ಲಿಷ್ ಪತ್ರಿಕೆಗೆ ಇದು ಒಂದು ದಿನದ ಸುದ್ದಿ. ಕನ್ನಡದಲ್ಲಿ ಬರೆದರೆ ವರ್ಷಗಟ್ಟಲೆ ಜನ ಹುಡುಕಿಕೊಂಡು ಬಂದು ಓದುತ್ತಾರೆ.

ಷೇರು ‘ಕೊಳ್ಳಿ, ಮಾರಿ’ ಅಂತ ಮಾತ್ರ ಬರೆಯಲು ಹೋಗಬೇಡಿ. ಶುಲ್ಕ ತೆಗೆದುಕೊಂಡು ಅಂಥ ಶಿಫಾರಸು ಕೊಡುವವರು ಷೇರುಪೇಟೆಯ ನಿಯಂತ್ರಕ ಸೆಬಿಯ 2014ರ ರಿಸರ್ಚ್ ಅನಲಿಸ್ಟ್ ನಿಯಮದ ಕೆಳಗೆ ನೋಂದಣಿ ಮಾಡಿಸಿರಬೇಕು. ಅವರ ಮಾತು ಬೇಕಿದ್ದರೆ ಹೆಸರು, ನೋಂದಣಿ ಸಂಖ್ಯೆ ಕೇಳಿ ಹಾಕಿ.

ಕಂಪನಿ ಕಡೆ ಕೂತರೆ

ದುಡ್ಡು ಇರುವುದು ಇಲ್ಲಿ. ಹೆಸರು ಇರುವುದಿಲ್ಲ. ಕಂಪನಿ ಕೆಲಸ ಅಂತ ಒಟ್ಟಿಗೆ ಹೇಳಿದರೂ ಇದರಲ್ಲಿ ಎರಡು ಬೇರೆ ಬೇರೆ ಜಾತಿ ಇವೆ.

ಒಂದು ವಾರ್ಷಿಕ ವರದಿ. ಅಧ್ಯಕ್ಷರ ಪತ್ರ, ಆಡಳಿತ ಮಂಡಳಿಯ ವಿಶ್ಲೇಷಣೆ, ಉದ್ಯಮದ ಪರಿಸ್ಥಿತಿ ಇವನ್ನೆಲ್ಲ ಎಷ್ಟೋ ಕಂಪನಿಗಳು ಹೊರಗಿನವರಿಂದ ಬರೆಸುತ್ತವೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿಯನ್ನೂ ಕೊಡಬೇಕು. ಅದರಿಂದ ಈ ಕೆಲಸ ಜಾಸ್ತಿಯೇ ಆಗಿದೆ. ವರದಿ ಇಡಬೇಕಾದ ಷೇರುದಾರರ ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ಹಾಗಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಉಸಿರಾಡಲು ಬಿಡುವಿಲ್ಲ, ಅಲ್ಲಿಂದಾಚೆ ಖಾಲಿ. ವರ್ಷದ ಅರ್ಧ ದುಡಿದು ಉಳಿದರ್ಧ ಪುಸ್ತಕ ಬರೆಯುವವರನ್ನು, ಊರಿನಲ್ಲಿ ತೋಟ ನೋಡುವವರನ್ನು ಬಲ್ಲೆ. ಅಂಥ ಬದುಕು ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಕಷ್ಟ ಇರುವುದು ಅಂಕಿಗಳಲ್ಲಿ. ಒಂದೇ ಕಂಪನಿಗೆ ಎರಡು ಲೆಕ್ಕ: ತನ್ನದೊಂದು, ಅಂಗಸಂಸ್ಥೆಗಳನ್ನು ಸೇರಿಸಿದ್ದೊಂದು. ಅಧ್ಯಕ್ಷರ ಪತ್ರದಲ್ಲಿ ಒಂದು, ಮುಂದಿನ ಪುಟದಲ್ಲಿ ಇನ್ನೊಂದು ಬಂದರೆ ಮುಗಿಯಿತು. ವಿದೇಶಿ ಹೂಡಿಕೆದಾರರು ಓದುತ್ತಾರೆ ಅಂತ ಜೂನ್ ಕೊನೆಯಲ್ಲಿ ಯಾರೋ ಒಬ್ಬರಿಗೆ ಕೋಟಿಯನ್ನೆಲ್ಲ ಮಿಲಿಯನ್ ಮಾಡಬೇಕು ಅನ್ನಿಸುತ್ತದೆ. 1 ಕೋಟಿ ಅಂದರೆ 10 ಮಿಲಿಯನ್, 100 ಕೋಟಿ ಅಂದರೆ 1 ಬಿಲಿಯನ್. ಲೆಕ್ಕ ಸುಲಭವೇ. ಆದರೆ 140 ಪುಟದಲ್ಲಿ ಗ್ರಾಫ್, ಚಿತ್ರದ ಅಡಿಬರಹ ಎಲ್ಲ ಕಡೆ ಹುಡುಕಿ ಬದಲಾಯಿಸುವುದು ರಾತ್ರಿ ಎರಡು ಗಂಟೆಯ ಕೆಲಸ. ಇಂಥದ್ದಕ್ಕೆ ಬೇರೆ ಶುಲ್ಕ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಫಲಿತಾಂಶ ಹೊರಬೀಳುವ ಮುಂಚೆಯೇ ನಿಮ್ಮ ಕೈಗೆ ಕರಡು ಅಂಕಿಗಳು ಬಂದರೆ, ಸೆಬಿಯ 2015ರ ಒಳವ್ಯವಹಾರ (ಇನ್‌ಸೈಡರ್ ಟ್ರೇಡಿಂಗ್) ತಡೆ ನಿಯಮದ ಪ್ರಕಾರ ನೀವೂ ‘ಒಳಗಿನವರು’. ಕಂಪನಿಯ ಒಳಗಿನವರಿಗೆ ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಬಂದ 48 ಗಂಟೆವರೆಗೆ ಆ ಷೇರಿನ ವ್ಯವಹಾರ ಬಂದ್. ನೀವೂ ಆ ಷೇರು ಮುಟ್ಟಬೇಡಿ. ಹೆಂಡತಿ, ಗಂಡ, ಅಣ್ಣನ ಡಿಮ್ಯಾಟ್ ಖಾತೆಯಲ್ಲೂ ಬೇಡ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಈ ಸಲ ಚೆನ್ನಾಗಿದೆಯಂತೆ’ ಅಂತ ಹಾಕಿದರೂ ಕತೆ ಕೆಡುತ್ತದೆ. ನಾನಾದರೆ ವರದಿ ಬರೆಯುವ ಕಂಪನಿಯ ಷೇರು ಇಟ್ಟುಕೊಳ್ಳುವುದೇ ಇಲ್ಲ.

ಎರಡನೇ ಜಾತಿ ಫಿನ್‌ಟೆಕ್ ಬರಹ, ಅಂದರೆ ಆ್ಯಪ್, ಇಂಟರ್ನೆಟ್ ಮೂಲಕ ಹಣಕಾಸು ಸೇವೆ ಕೊಡುವ ಕಂಪನಿಗಳಿಗೆ ಬರೆಯುವುದು. ಜೆರೋಧಾ, ಗ್ರೋ, ಫೋನ್‌ಪೇ, ರೇಜರ್‌ಪೇ ಎಲ್ಲದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇವೆ. ಅವುಗಳ ಸುತ್ತ ನೂರಾರು ಸಣ್ಣ ಕಂಪನಿಗಳು. ಬ್ಲಾಗ್, ಆ್ಯಪ್‌ನೊಳಗಿನ ಬರಹ, ಇಮೇಲ್, ವಿಡಿಯೊ ಸ್ಕ್ರಿಪ್ಟ್, ಸ್ಥಾಪಕರ ಹೆಸರಿನಲ್ಲಿ ಲಿಂಕ್ಡ್‌ಇನ್ ಪೋಸ್ಟ್ ಎಲ್ಲವೂ ಇಲ್ಲಿ ಬೇಕು. ವರ್ಷಪೂರ್ತಿ ಕೆಲಸ ಇರುತ್ತದೆ. ಆದರೆ ‘ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ಕಟ್ಟುವ ತಿಂಗಳ ಕಂತು) ಎಂದರೇನು’ ಥರದ ಲೇಖನಗಳ ಕಾಲ ಮುಗಿಯಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮೊದಲು ಕೈತಪ್ಪಿದ್ದು ಅದೇ. ಉಳಿದಿರುವುದು ತಪ್ಪಾದರೆ ಕಂಪನಿಗೆ ತೊಂದರೆಯಾಗುವ ಬರಹ: ಸಾಲದ ಷರತ್ತುಗಳನ್ನು ಜನರಿಗೆ ಅರ್ಥವಾಗುವಂತೆ ಬರೆಯುವುದು, ದೂರಿಗೆ ಉತ್ತರ ಸಿದ್ಧಪಡಿಸುವುದು, ಹೊಸ ನಿಯಮ ಬಂದ ದಿನವೇ ಗ್ರಾಹಕರಿಗೆ ತಿಳಿಸುವುದು. ಈ ಕೆಲಸ ಕೇಳಿ ಹೋಗಿ, ಬ್ಲಾಗ್ ಕೇಳಿ ಹೋಗಬೇಡಿ.

ಇಲ್ಲಿ ನಿಮ್ಮ ವಾಕ್ಯ ಮಾರ್ಕೆಟಿಂಗ್, ಪ್ರಾಡಕ್ಟ್, ಲೀಗಲ್, ಕಂಪ್ಲೈಯನ್ಸ್ (ನಿಯಮ ಪಾಲನೆ ನೋಡುವವರು) ಹೀಗೆ ನಾಲ್ಕು ಕೈ ದಾಟಬೇಕು. ‘ಸುರಕ್ಷಿತ ಹೂಡಿಕೆ’ ಅಂತ ಬರೆದಿರುತ್ತೀರಿ, ಕಂಪ್ಲೈಯನ್ಸ್‌ನವರು ಹೊಡೆದು ಹಾಕುತ್ತಾರೆ. ‘ಒಳ್ಳೆಯ ಆದಾಯ’ ಅನ್ನೋದನ್ನೂ ಬಿಡುವುದಿಲ್ಲ. ಕೊನೆಗೆ ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿವೆ ಎಂಬ ಸಾಲು ಸೇರಿ ಲೇಖನ ವಾಪಸ್ ಬರುತ್ತದೆ. ಪತ್ರಿಕೆಯಿಂದ ಬಂದವರಿಗೆ ಮೊದಮೊದಲು ಸಿಟ್ಟು ಬರುತ್ತದೆ. ಆದರೆ ಅವರು ಹೇಳುವುದು ಬಹಳ ಸಲ ಸರಿಯೇ. ನಿಮಗೆ ಬೇಕಿರುವುದು ‘ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಬೇರೆ ದರ’ ಎಂಬ ಒಂದು ಸಾಲು. ಅದಿಲ್ಲದೆ ಕೆಲಸ ಹಿಡಿಯಬೇಡಿ.

ಸ್ವಂತ ಚಾನೆಲ್, ವಿದೇಶಿ ಕ್ಲೈಂಟ್

ಸ್ವಂತ ಚಾನೆಲ್, ನ್ಯೂಸ್‌ಲೆಟರ್ ಬಗ್ಗೆ ನನಗೆ ಅಷ್ಟೇನೂ ಉತ್ಸಾಹ ಇಲ್ಲ. ಕೈಗೆ ದುಡ್ಡು ಬರಲು ಬಹಳ ಕಾಲ ಬೇಕು, ಬರುವ ದುಡ್ಡು ಬಹುಪಾಲು ಬ್ರೋಕರ್ ಆ್ಯಪ್‌ಗಳ ರೆಫರಲ್‌ನಿಂದ, ಅಂದರೆ ಗ್ರಾಹಕರನ್ನು ಕಳಿಸಿದ್ದಕ್ಕೆ ಸಿಗುವ ಕಮಿಷನ್‌ನಿಂದ. 2024ರಲ್ಲಿ ಸೆಬಿ ಆ ಕೊಳಾಯಿಯನ್ನೂ ಬಿಗಿ ಮಾಡಿತು. ನೋಂದಣಿ ಇಲ್ಲದೆ ಷೇರು ಸಲಹೆ ಕೊಡುವವರ ಜತೆ ಬ್ರೋಕರ್‌ಗಳು, ಮ್ಯೂಚುವಲ್ ಫಂಡ್‌ಗಳು ಸಂಬಂಧ ಇಟ್ಟುಕೊಳ್ಳುವಂತಿಲ್ಲ. ಬರೀ ಪಾಠ ಹೇಳುತ್ತೇನೆ ಅನ್ನುವವರಿಗೂ 2025ರ ಜನವರಿಯಲ್ಲಿ ಸೆಬಿ ಒಂದು ಗೆರೆ ಎಳೆಯಿತು: ಹಿಂದಿನ ಮೂರು ತಿಂಗಳ ಷೇರು ಬೆಲೆಯನ್ನು ಉದಾಹರಣೆಗೆ ಬಳಸುವಂತಿಲ್ಲ. ಠೇವಣಿ, ವಿಮೆ, ಸಾಲ, ತೆರಿಗೆ ಬಗ್ಗೆ ಮಾತಾಡುವವರಿಗೆ ಈ ತೊಡಕು ಕಡಿಮೆ. ನೀವು ಬರೆಯುವ ಕೈ ಎಂಥದ್ದು ಅಂತ ತೋರಿಸಲು ಚಾನೆಲ್ ಇರಲಿ. ಅನ್ನಕ್ಕೆ ಅದನ್ನೇ ನಂಬಬೇಡಿ.

ವಿದೇಶಿ ಕ್ಲೈಂಟ್ ವಿಷಯ ಬೇರೆ. ಡಾಲರ್ ದರ ನೋಡಿದರೆ ಆಸೆ ಆಗುವುದು ಸಹಜ. ಲೆಕ್ಕ ಹಾಕುವಾಗ ಎರಡು ಕಡಿತ ಮರೆಯಬೇಡಿ. ಫೈವರ್‌ನಂಥ ತಾಣ ನಿಮ್ಮ ದುಡಿಮೆಯಲ್ಲಿ ಶೇ 20 ತೆಗೆದುಕೊಳ್ಳುತ್ತದೆ. ಹಣ ಇಲ್ಲಿಗೆ ಬರುವಾಗ ವಿನಿಮಯ ದರದಲ್ಲಿ ಇನ್ನಷ್ಟು ಹೋಗುತ್ತದೆ. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅವರ ಬೆಳಗಿನ ಮೀಟಿಂಗ್ ನಮ್ಮ ರಾತ್ರಿ ಊಟದ ಹೊತ್ತು. ಇಷ್ಟಾಗಿಯೂ ಒಂದು ಒಳ್ಳೆಯ ಗುಣ ಇದೆ: ಒಪ್ಪಂದ ಬರೆದು ಕೊಡುತ್ತಾರೆ, ಹೇಳಿದ ದಿನ ಹಣ ಹಾಕುತ್ತಾರೆ. ಎಲ್ಲರೂ ಅಂತ ಹೇಳಲಾರೆ, ಆದರೆ ಹಣ ಕೇಳುವುದೇ ಒಂದು ಅಪರಾಧ ಅನ್ನುವಂಥ ನಮ್ಮ ಕಡೆಯ ಮುಜುಗರ ಅಲ್ಲಿಲ್ಲ. ಅಮೆರಿಕದವರು ಡಬ್ಲ್ಯೂ-8ಬೆನ್ ಎಂಬ ಫಾರ್ಮ್ ತುಂಬಿಕೊಡಿ ಅನ್ನುತ್ತಾರೆ. ಹೆದರಬೇಡಿ, ನೀವು ಅಲ್ಲಿಯ ತೆರಿಗೆದಾರರಲ್ಲ ಎಂಬ ಘೋಷಣೆ ಅದು.

ಪದಕ್ಕೋ, ಲೇಖನಕ್ಕೋ, ತಿಂಗಳಿಗೋ

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಪದದ ಲೆಕ್ಕ ನಡೆಯುತ್ತದೆ. ಕನ್ನಡದಲ್ಲಿ ಬರೆಯುವವರು ಪದದ ದರಕ್ಕೆ ಒಪ್ಪಿದರೆ ನಷ್ಟ. ಇಂಗ್ಲಿಷ್‌ನಲ್ಲಿ ಐದಾರು ಪದ ಬೇಕಾಗುವ ಕಡೆ ನಾವು ‘ಬ್ಯಾಂಕಿನಲ್ಲಿಟ್ಟಿದ್ದ ಹಣದ ಮೇಲೆ’ ಅಂತ ಮೂರಕ್ಕೆ ಮುಗಿಸುತ್ತೇವೆ. ವಿಭಕ್ತಿಯೆಲ್ಲ ಪದಕ್ಕೇ ಅಂಟುತ್ತದೆ. 1,000 ಪದದ ಇಂಗ್ಲಿಷ್ ಬರಹ ಕನ್ನಡಕ್ಕೆ ಬಂದರೆ ಪದಗಳ ಸಂಖ್ಯೆ ಬಹಳ ಇಳಿಯುತ್ತದೆ, ಶ್ರಮ ಮಾತ್ರ ಇಳಿಯುವುದಿಲ್ಲ. ಅನುವಾದದ ಕೆಲಸಕ್ಕೆ ‘ಮೂಲದ ಪದಗಳ ಲೆಕ್ಕ’ ಅಂತಲೇ ಕೇಳಿ. ಬ್ಯಾಂಕು, ವಿಮಾ ಕಂಪನಿಗಳಿಗೆ ಕೆಲಸ ಮಾಡಿಸುವ ಏಜೆನ್ಸಿಗಳಿಗೆ ಇದು ಹೊಸದೇನಲ್ಲ, ಕೇಳಿದರೆ ಒಪ್ಪುತ್ತಾರೆ. ಕೇಳದವರಿಗೆ ಕನ್ನಡದ ಪದ ಎಣಿಸಿ ಕೊಡುತ್ತಾರೆ.

ಸ್ವಂತ ಬರಹಕ್ಕೆ ಲೇಖನದ ದರವೇ ಸರಿ. ಅದರಲ್ಲೂ ಸಂದರ್ಶನ ಎಷ್ಟು, ವರದಿ ಓದುವುದು ಎಷ್ಟು, ತಿದ್ದುಪಡಿ ಎಷ್ಟು ಅಂತ ಸೇರಿಸಿ ಹೇಳಿ. ಎರಡು ಕೆಲಸದಲ್ಲಿ ಯಾವುದು ಹಿಡಿಯಲಿ ಅಂತ ಗೊಂದಲ ಇದ್ದರೆ ಹೀಗೆ ನೋಡಿ. ಲೆಕ್ಕಕ್ಕೆ, ಒಂದು ಕೆಲಸ 12,000 ರೂಪಾಯಿ, ಆದರೆ 30 ಗಂಟೆ ಹಿಡಿಯುತ್ತದೆ, ಹಣ ನಾಲ್ಕು ತಿಂಗಳ ಮೇಲೆ. ಇನ್ನೊಂದು 6,000, ಹತ್ತು ಗಂಟೆ, ಹದಿನೈದು ದಿನದಲ್ಲಿ ಹಣ. ಮೊದಲನೆಯದು ಗಂಟೆಗೆ 400, ಎರಡನೆಯದು 600. ಬಾಯಲ್ಲಿ ಹೇಳುವಾಗ 12,000 ದೊಡ್ಡದು. ಮನೆ ಓನರ್‌ಗೆ ಬೇಕಿರುವುದು ಮುಂದಿನ ತಿಂಗಳ 5ನೇ ತಾರೀಕಿನ ಬಾಡಿಗೆ.

ರಿಟೇನರ್, ಅಂದರೆ ತಿಂಗಳಿಗೆ ಇಷ್ಟು ಅಂತ ಗೊತ್ತಾದ ಹಣ, ನೆಮ್ಮದಿಯದು. ಆದರೆ ಅದಕ್ಕೊಂದು ಚಟ ಇದೆ. ‘ಇದೊಂದು ಚಿಕ್ಕ ಪೋಸ್ಟ್ ಅಷ್ಟೆ’, ‘ಸುಮ್ನೆ ಒಂದು ಸಲ ಕಣ್ಣಾಡಿಸಿ’ ಅಂತ ಸೇರುತ್ತಾ ಸೇರುತ್ತಾ ಮೂರನೇ ತಿಂಗಳಿಗೆ ನೀವು ಸಂಬಳ, ಪಿಎಫ್, ರಜೆ ಯಾವುದೂ ಇಲ್ಲದ ನೌಕರರಾಗಿರುತ್ತೀರಿ. ತಿಂಗಳಿಗೆ ಎಷ್ಟು ಬರಹ, ಬಿಡಬೇಕಾದರೆ ಎಷ್ಟು ದಿನದ ನೋಟಿಸ್ ಎನ್ನುವುದು ಬರಹದಲ್ಲಿ ಇರಲಿ. ‘ನಮ್ಮ ಪ್ರತಿಸ್ಪರ್ಧಿಗಳಿಗೆ ಬರೆಯಬಾರದು’ ಅನ್ನುವ ಷರತ್ತು ಇದ್ದರೆ ದರ ಜಾಸ್ತಿ ಕೇಳಿ. ಒಂದು ಸಾಲದ ಆ್ಯಪ್‌ಗೆ ಬರೆದು ಉಳಿದೆಲ್ಲ ಸಾಲದ ಆ್ಯಪ್‌ಗಳ ಬಾಗಿಲು ಮುಚ್ಚಿಕೊಳ್ಳುವುದಾದರೆ ಅದಕ್ಕೂ ಬೆಲೆ ಕಟ್ಟಬೇಕು ತಾನೇ?

ಹಕ್ಕಿನ ಬಗ್ಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫ್ರೀಲಾನ್ಸರ್ ಬರೆದ ಲೇಖನದ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ. ಅದನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಅಂತ ಅರ್ಥ. ಬೇರೆಯವರ ಹೆಸರಿನಲ್ಲಿ ಬರೆದುಕೊಡುವಾಗ ಪೂರ್ತಿ ಬಿಟ್ಟುಕೊಡಬೇಕಾಗುತ್ತದೆ, ಅದು ಆ ವ್ಯಾಪಾರದ ಸ್ವಭಾವ. ಆದರೆ ‘ಪೂರ್ತಿ ಹಣ ಸಂದಾಯವಾದ ಮೇಲೆ’ ಅನ್ನುವ ನಾಲ್ಕು ಪದ ಸೇರಿಸಿ.

ಕನ್ನಡವೋ, ಇಂಗ್ಲಿಷೋ

ದರ ನೋಡಿದರೆ ಇಂಗ್ಲಿಷ್, ಚರ್ಚೆಯೇ ಬೇಡ. ಪೈಪೋಟಿ ನೋಡಿದರೆ ಕನ್ನಡ. ಇಂಗ್ಲಿಷ್‌ನಲ್ಲಿ ಮ್ಯೂಚುವಲ್ ಫಂಡ್ ಬಗ್ಗೆ ಬರೆಯುವವರು ದೇಶದ ತುಂಬ ಇದ್ದಾರೆ. ಶಿವಮೊಗ್ಗ, ಶಿರಸಿ ಮಾರುಕಟ್ಟೆಯ ಅಡಿಕೆ ದರ ಬಿದ್ದಾಗ ಬೆಳೆಗಾರ ಚಿನ್ನದ ಸಾಲ ತೆಗೆಯಬೇಕೋ, ಠೇವಣಿ ಮುರಿಯಬೇಕೋ ಅಂತ ಅಂಕಿ ಇಟ್ಟು ಬರೆಯುವವರು ಎಷ್ಟು ಜನ? ರಾಮನಗರದ ರೇಷ್ಮೆಗೂಡು ಮಾರುಕಟ್ಟೆ, ಬ್ಯಾಡಗಿ ಮೆಣಸಿನಕಾಯಿ, ಕೊಡಗು–ಚಿಕ್ಕಮಗಳೂರಿನ ಕಾಫಿ ಎಲ್ಲವೂ ಬಿಸಿನೆಸ್ ಸುದ್ದಿಯೇ. ನಮ್ಮ ಓದುಗರಿಗೆ ಬ್ಯಾಂಕಿನ ಭಾಷೆ ಹೊಸದಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಲ್ಲ ಹುಟ್ಟಿದ್ದು ಕರಾವಳಿಯಲ್ಲಿ. ಪಿಗ್ಮಿ ಕಟ್ಟಿದ ಅಜ್ಜಿಯ ಮೊಮ್ಮಗ ಈಗ ಎಸ್‌ಐಪಿ ಕಟ್ಟುತ್ತಿದ್ದಾನೆ ಅಷ್ಟೆ.

ನನ್ನ ಸಲಹೆ: ಬಾಡಿಗೆಗೆ ಇಂಗ್ಲಿಷ್, ಹೆಸರಿಗೆ ಕನ್ನಡ. ಇಂಗ್ಲಿಷ್‌ನಲ್ಲಿ ಕಂಪನಿ ಕೆಲಸ ಮಾಡಿ, ಕನ್ನಡದಲ್ಲಿ ಪತ್ರಿಕೆಗೆ ಬರೆಯಿರಿ. ಆಗ ಮೊದಲು ಹೇಳಿದಂತೆ ಎರಡು ಕಡೆಯನ್ನು ಬೆರೆಸದಿರುವ ಗೆರೆಯನ್ನೂ ಸುಲಭವಾಗಿ ಕಾಯಬಹುದು. ಕಂಪನಿಗೆ ಬರೆಯುವುದು ಷೇರು, ಸುಸ್ಥಿರತೆ ವರದಿ. ಪತ್ರಿಕೆಗೆ ಬರೆಯುವುದು ಠೇವಣಿ, ಕೃಷಿ ಸಾಲ, ತೆರಿಗೆ. ಎರಡೂ ಒಂದರ ದಾರಿಗೆ ಒಂದು ಬರುವುದಿಲ್ಲ. ಎಲ್ಲಾದರೂ ಬಂದರೆ ಎಡಿಟರ್‌ಗೆ ಮೊದಲೇ ಹೇಳಿ: ‘ಸರ್, ಈ ಕಂಪನಿಗೆ ನಾನು ಕೆಲಸ ಮಾಡುತ್ತೇನೆ, ಇದನ್ನು ಬೇರೆಯವರಿಗೆ ಕೊಡಿ.’ ಒಂದು ಲೇಖನ ಹೋಗುತ್ತದೆ. ಎಡಿಟರ್ ಉಳಿಯುತ್ತಾರೆ.

ತೆರಿಗೆಯಲ್ಲೂ ಆಯ್ಕೆ ಇದೆ

ಇಲ್ಲಿ ಹಳೆಯ ಸೆಕ್ಷನ್ ನಂಬರುಗಳನ್ನೇ ಬಳಸುತ್ತೇನೆ, ಸಿಎಗಳ ಬಾಯಲ್ಲಿ ಇರುವುದು ಅವೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಅದರಲ್ಲಿ ನಂಬರುಗಳು ಬೇರೆ.

ಒಂದೇ ಕ್ಲೈಂಟ್‌ನಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ವೃತ್ತಿಪರ ಶುಲ್ಕ ಅಂತ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ಕೆಲವು ಅಕೌಂಟ್ಸ್ ವಿಭಾಗದವರು ಗುತ್ತಿಗೆ ಅಂತ ಪರಿಗಣಿಸಿ ವ್ಯಕ್ತಿಗಳಿಗೆ ಶೇ 1 ಮಾತ್ರ ಹಿಡಿಯುವುದೂ ಉಂಟು. ಶೇ 1 ನೋಡಿ ಖುಷಿಪಡಬೇಡಿ, ಉಳಿದದ್ದನ್ನು ನೀವೇ ಕಟ್ಟಬೇಕು. ಟಿಡಿಎಸ್ ಕಳೆದ ಮೇಲೆ ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಬರುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರದಂತೆ ರಿಬೇಟ್ ಇದೆ. ಸಂಬಳದವರಿಗೆ ಸಿಗುವ 75,000ದ ಕಡಿತ ನಮಗಿಲ್ಲ. ಆದರೆ ಲ್ಯಾಪ್‌ಟಾಪ್, ಇಂಟರ್ನೆಟ್, ಚಂದಾ, ಓಡಾಟ ಎಲ್ಲ ಖರ್ಚು ತೋರಿಸಬಹುದು.

ಖರ್ಚಿನ ಲೆಕ್ಕ ಇಡುವುದೋ, ಅಂದಾಜು ಆದಾಯದ ದಾರಿ ಹಿಡಿಯುವುದೋ? ಗೆಳೆಯರೆಲ್ಲ ‘44ಎಡಿಎ ಹಾಕು, ಅರ್ಧಕ್ಕೆ ಮಾತ್ರ ತೆರಿಗೆ’ ಅನ್ನುತ್ತಾರೆ. ಅಂದಾಜು ಆದಾಯದ ಆ ಸೆಕ್ಷನ್ ವಕೀಲರು, ವೈದ್ಯರು, ಎಂಜಿನಿಯರ್, ಲೆಕ್ಕಪರಿಶೋಧಕರು, ವಾಸ್ತುಶಿಲ್ಪಿಗಳು, ತಾಂತ್ರಿಕ ಸಲಹೆಗಾರರು ಹೀಗೆ ಹೆಸರಿಸಿದ ವೃತ್ತಿಗಳಿಗೆ ಮೀಸಲು. ಸಿನಿಮಾ ಕತೆ, ಸಂಭಾಷಣೆ ಬರೆಯುವವರು ಆ ಪಟ್ಟಿಯಲ್ಲಿದ್ದಾರೆ. ಹಣಕಾಸಿನ ಲೇಖನ ಬರೆಯುವವರ ಹೆಸರಿಲ್ಲ! ನಿಮ್ಮ ಕೆಲಸ ಯಾವುದರಲ್ಲಿ ಕೂರುತ್ತದೆ ಅಂತ ಸಿಎ ಹತ್ತಿರ ಕೇಳಿಯೇ ತುಂಬಿ. ಹಣಕಾಸು ಬರೆಯುವವರ ರಿಟರ್ನ್‌ನಲ್ಲೇ ತಪ್ಪು ಬಂದರೆ ಚೆನ್ನಾಗಿರಲ್ಲ.

ಜಿಎಸ್‌ಟಿ ವರ್ಷಕ್ಕೆ 20 ಲಕ್ಷ ದಾಟಿದರೆ ಕಡ್ಡಾಯ. ಅದಕ್ಕಿಂತ ಕೆಳಗಿದ್ದರೂ ಕೆಲವು ದೊಡ್ಡ ಕಂಪನಿಗಳು ‘ಜಿಎಸ್‌ಟಿ ನಂಬರ್ ಇದ್ದವರಿಗೇ ಕೆಲಸ’ ಅನ್ನುತ್ತವೆ. ಮಾಡಿಸಿಕೊಂಡರೆ ಶೇ 18 ಸೇರಿಸಿ ಬಿಲ್ ಹಾಕಬೇಕು, ತಪ್ಪದೆ ರಿಟರ್ನ್ ತುಂಬಬೇಕು. ಪತ್ರಿಕೆ, ಸಣ್ಣ ಕಂಪನಿಗಳೇ ನಿಮ್ಮ ಕ್ಲೈಂಟ್ ಆಗಿದ್ದರೆ ಆತುರ ಬೇಡ.

ಹಣ ಬರದಿದ್ದರೆ

ಬರೆಯುವುದಕ್ಕಿಂತ ಕಷ್ಟದ ಕೆಲಸ ಇದು. ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ’, ‘ಪರ್ಚೇಸ್ ಆರ್ಡರ್ ಬಂದಿಲ್ಲ’, ‘ವೆಂಡರ್ ಫಾರ್ಮ್ ಮತ್ತೆ ತುಂಬಿ’ ಎಂಬುದೆಲ್ಲ ನನಗೂ ಕೇಳಿ ಅಭ್ಯಾಸವಾಗಿದೆ. ಒಂದು ಕಂಪನಿ ನನ್ನ ಕೈಯಲ್ಲಿ ವೆಂಡರ್ ಫಾರ್ಮನ್ನು ಮತ್ತೆ ಮತ್ತೆ ತುಂಬಿಸಿತು. ಪ್ರತಿ ಸಲವೂ ಕ್ಯಾನ್ಸಲ್ ಮಾಡಿದ ಹೊಸ ಚೆಕ್ ಬೇಕಂತೆ.

ಇದಕ್ಕೆ ಮದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು. ಪುಕ್ಕಟೆ, ಆನ್‌ಲೈನ್, ಆಧಾರ್ ಮತ್ತು ಪ್ಯಾನ್ ಸಾಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗೆ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಆರ್‌ಬಿಐ ಗೊತ್ತುಮಾಡುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕಿಂತ ಚುರುಕು ಮುಟ್ಟಿಸುವುದು ಆದಾಯ ತೆರಿಗೆಯ 43ಬಿ(ಎಚ್) ಸೆಕ್ಷನ್: ಈ ಅವಧಿ ಮೀರಿದರೆ, ಹಣ ನಿಜವಾಗಿ ಕೊಡುವವರೆಗೆ ಕಂಪನಿ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಬಡ್ಡಿಯ ಬಗ್ಗೆ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 43ಬಿ(ಎಚ್) ಅಂತ ಮೇಲ್‌ನಲ್ಲಿ ಬರೆದು ಅಕೌಂಟ್ಸ್‌ನವರಿಗೆ ಸಿಸಿ ಹಾಕಿ ನೋಡಿ, ಮಾರ್ಚ್ ತಿಂಗಳಲ್ಲಂತೂ ಉತ್ತರ ಬೇಗ ಬರುತ್ತದೆ. ನೋಂದಣಿ ಸಂಖ್ಯೆ ಪ್ರತಿ ಇನ್‌ವಾಯ್ಸ್‌ನಲ್ಲೂ ಇರಲಿ. ಕೆಲಸ ಶುರುವಾಗುವ ಮುಂಚೆಯೇ ನೋಂದಣಿ ಆಗಿರಲಿ, ಆಮೇಲೆ ಮಾಡಿಸಿ ಹಳೆಯ ಬಾಕಿಗೆ ಹಕ್ಕು ಕೇಳಿದರೆ ನಿಲ್ಲುವುದು ಕಷ್ಟ.

ಪತ್ರಿಕೆಗಳ ಮೇಲೆ ಈ ಅಸ್ತ್ರ ಬಿಡುವವರನ್ನು ನಾನು ನೋಡಿಲ್ಲ. ಅಲ್ಲಿ ಈಗಲೂ ನಡೆಯುವುದು ಫೋನು, ಪರಿಚಯ, ತಾಳ್ಮೆ.

ಯಾವಾಗ ಹೊರಡುವುದು

ಕೆಲಸ ಬಿಡುವುದು ಖಚಿತ ಅಂತಾದರೆ ತಿಂಗಳು ನೋಡಿ ಬಿಡಿ. ವಾರ್ಷಿಕ ವರದಿ ಮಾಡಿಸುವ ಏಜೆನ್ಸಿಗಳು ಬರಹಗಾರರನ್ನು ಗೊತ್ತು ಮಾಡಿಕೊಳ್ಳುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಹಾಗಾಗಿ ಬಜೆಟ್ ಮುಗಿದ ವಾರದಲ್ಲೇ ಅವರನ್ನು ಭೇಟಿಯಾಗಿ. ಕಂಪನಿಯ ಗ್ರೂಪ್ ವಿಮೆ ಕೊನೆಯ ದಿನವೇ ನಿಲ್ಲುತ್ತದೆ, ಅದಕ್ಕೆ ಮುಂಚೆ ಸ್ವಂತ ಆರೋಗ್ಯ ವಿಮೆ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಅಷ್ಟು ಅಗ್ಗ. ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲಿರಲಿ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮೊದಲ ದೊಡ್ಡ ಚೆಕ್ ಕೈಗೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಹೊಸ ತೆರಿಗೆ ವರ್ಷ ಕೂಡ ಏಪ್ರಿಲ್‌ನಿಂದಲೇ ಶುರು, ಆ ವರ್ಷಕ್ಕೆ ಸಂಬಳ ಮತ್ತು ವೃತ್ತಿ ಎರಡನ್ನೂ ಕಲಸಿ ರಿಟರ್ನ್ ತುಂಬುವ ಗೋಜು ಇರುವುದಿಲ್ಲ.